ಲೀಸಿಗೆ ಕೊಟ್ಟ ಲೇತ್

“ಅವ್ವಾ, ನಾವು ಬಿಟ್ಟುಕೊಟ್ಟ ಕೆಲಸವನ್ನು ಬಂದವನು ಕೆಡಿಸುತ್ತಿದ್ದರೆ ಹೋಗಿ ತಿದ್ದಬೇಕೋ, ನೋಡಿಕೊಂಡು ಸುಮ್ಮನಿರಬೇಕೋ?”

ಹೀಗೆ ಕೇಳಿದವನು ಗುರುಪಾದಪ್ಪ. ಇಪ್ಪತ್ತೆರಡು ವರ್ಷ ಒಂದು ಪಾಠಶಾಲೆ ನಡೆಸಿ, ಹಿಂದಿನ ವರ್ಷವಷ್ಟೇ ಅದನ್ನು ಹೊಸ ಮೇಷ್ಟ್ರಿಗೆ ಒಪ್ಪಿಸಿ, ಎಲ್ಲವನ್ನೂ ಬಿಟ್ಟೆ ಎಂದು ಊರೂರು ಸುತ್ತುವ ಸನ್ಯಾಸಿನಿ ದಾನವ್ವನವರ ಶಿಷ್ಯನಾಗಿ ಹಿಂದೆ ಬಂದಿದ್ದ. ಬಂದರೂ ಸಿಕ್ಕಿದವರ ಕೈಯಲ್ಲೆಲ್ಲ ಪಾಠಶಾಲೆಯ ಸುದ್ದಿ ತರಿಸಿಕೊಳ್ಳುತ್ತಿದ್ದ. ಹೊಸ ಮೇಷ್ಟ್ರು ಬೆತ್ತವನ್ನು ಒಲೆಗೆ ಹಾಕಿದರಂತೆ. ಮಕ್ಕಳು ಪಾಠದ ನಡುವೆ ಪ್ರಶ್ನೆ ಕೇಳುತ್ತಾರಂತೆ.

ಇಬ್ಬರೂ ನದಿಯ ದಡದಲ್ಲಿ ದೋಣಿಗೆ ಕಾಯುತ್ತಿದ್ದರು. ದೋಣಿ ಆಚೆ ದಡದಲ್ಲಿತ್ತು. ಹೊರಡುವ ಲಕ್ಷಣ ಕಾಣಲಿಲ್ಲ.

ದಾನವ್ವನವರು ಕತೆ ಹೇಳಿದರು.

ಒಬ್ಬ ಲೇತಿನವನಿದ್ದ. ಲೇತ್ ಎಂದರೆ ಕಬ್ಬಿಣದ ಸರಳನ್ನು ಕಚ್ಚಿ ಹಿಡಿದು ಗರಗರ ತಿರುಗಿಸುವ ಯಂತ್ರ. ತಿರುಗುವ ಸರಳಿಗೆ ಹರಿತವಾದ ಟೂಲ್ ತಾಗಿಸಿದರೆ ಕಬ್ಬಿಣ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ಬೀಳುತ್ತದೆ. ಉಳಿದದ್ದು ಶಾಫ್ಟ್ ಆಗುತ್ತದೆ. ಗಿರಣಿಗೆ, ಪಂಪಿಗೆ, ಕಬ್ಬಿನ ಗಾಣಕ್ಕೆ, ಎಲ್ಲಕ್ಕೂ ಶಾಫ್ಟ್ ಬೇಕು. ಸುತ್ತಲಿನ ಹತ್ತು ಊರಿನವರು ಅವನ ಹತ್ತಿರವೇ ಬರುತ್ತಿದ್ದರು. ಅವನು ಅಳೆದು ಕೊಟ್ಟದ್ದನ್ನು ಯಾರೂ ಇನ್ನೊಮ್ಮೆ ಅಳೆದವರಲ್ಲ. ಅದೇ ಅವನ ಹೆಸರು, ಅದೇ ಅವನ ಬೋರ್ಡು. ಅಂಗಡಿಗೆ ಬೇರೆ ಬೋರ್ಡಿರಲಿಲ್ಲ.

ಮೂವತ್ತು ವರ್ಷ ಕಳೆಯಿತು. ಮೊಣಕಾಲು ಇನ್ನು ನಿಲ್ಲುವುದಿಲ್ಲ ಎಂದಿತು. ಯಂತ್ರಗಳನ್ನು ಮಾರಲು ಮನಸ್ಸು ಬರಲಿಲ್ಲ. ಹಾಗಾಗಿ ಒಬ್ಬ ಹೊಸಬನನ್ನು ಹುಡುಕಿ, ಅಂಗಡಿಯನ್ನು ಹನ್ನೊಂದು ತಿಂಗಳಿಗೆ ಲೀಸಿಗೆ ಕೊಟ್ಟ. ಹೊಸಬ ದೂರದ ಊರಿನವನು. ಹೆಂಡತಿಯನ್ನೂ ಹೊಲಿಗೆ ಯಂತ್ರವನ್ನೂ ಒಂದು ಮಂಚವನ್ನೂ ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದ. ಇದು ಕೈಬಿಟ್ಟರೆ ಹಿಂದಕ್ಕೆ ಹೋಗಲು ಅವನಿಗೆ ಮನೆಯಿರಲಿಲ್ಲ.

ಕರಾರು ಪತ್ರದಲ್ಲಿ ಎಲ್ಲರೂ ಬರೆಸುವ ಮಾತನ್ನೇ ಬರೆಸಿದರು. ಅವಧಿ ಮುಗಿದ ಮೇಲೆ ಯಂತ್ರಗಳನ್ನು ಇದ್ದ ಸ್ಥಿತಿಯಲ್ಲೇ ಹಿಂತಿರುಗಿಸತಕ್ಕದ್ದು, ತಪ್ಪಿದರೆ ಅಂಗಡಿ ಬಿಡತಕ್ಕದ್ದು. ಹೊಸಬ ಓದದೆ ಸಹಿ ಹಾಕಿದ. ಹಳಬನೂ ಓದಿರಲಿಲ್ಲ.

ಆಮೇಲೆ ಹದಿನೈದು ದಿನ ಹಳಬ ಸ್ಟೂಲು ಹಾಕಿಕೊಂಡು ಕೂತು ಎಲ್ಲವನ್ನೂ ಕಲಿಸಿದ. ಯಾವ ಕಬ್ಬಿಣಕ್ಕೆ ಎಷ್ಟು ವೇಗ, ಯಾವ ಗಿರಾಕಿ ಹೇಳಿದ ಅಳತೆ ನಂಬಬಹುದು, ಯಾರ ಅಳತೆಯನ್ನು ನಂಬದೆ ಹಳೆಯ ಶಾಫ್ಟ್ ತರಿಸಿಕೊಳ್ಳಬೇಕು, ಒಂದನ್ನೂ ಬಚ್ಚಿಡಲಿಲ್ಲ. ಕೊನೆಯ ದಿನ ತಾನೇ ಎದ್ದು ನಿಂತು ಒಂದು ಶಾಫ್ಟ್ ತಿರುಗಿಸಿ ತೋರಿಸಿದ. ಈ ತುದಿಯಿಂದ ಆ ತುದಿಯವರೆಗೆ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಇಷ್ಟೇ, ಎಂದ. ಅವನು ಸುಳ್ಳು ಹೇಳಲಿಲ್ಲ. ತನಗೆ ಗೊತ್ತಿದ್ದದ್ದು ಅಷ್ಟೇ ಎಂದು ಅವನು ನಿಜವಾಗಿಯೂ ನಂಬಿದ್ದ.

ಮನೆಗೆ ಹೋಗಿ ಮಲಗಿದ.

ಅವನ ಮನೆ ಕೆರೆಯ ಈಚೆಗೆ, ಅಂಗಡಿ ಆಚೆಗೆ. ಮಧ್ಯಾಹ್ನದ ಹೊತ್ತು ಗಾಳಿ ಈ ಕಡೆ ಬೀಸಿದರೆ ಲೇತಿನ ಸದ್ದು ನೀರಿನ ಮೇಲೆ ತೇಲಿ ಬರುತ್ತಿತ್ತು. ಆ ಸದ್ದಿನಲ್ಲೇ ಅವನಿಗೆ ನಿದ್ದೆ ಹತ್ತುತ್ತಿತ್ತು, ನಿದ್ದೆಯಲ್ಲಿ ಒಂದೇ ಕನಸು ಬೀಳುತ್ತಿತ್ತು. ಅಂಗಡಿ ಕೆರೆಯ ಮೇಲೆ ನಿಂತಿದೆ. ಅವನು ಶಾಫ್ಟ್ ತಿರುಗಿಸುತ್ತಿದ್ದಾನೆ, ಶಾಫ್ಟಿಗೆ ಕೊನೆಯೇ ಇಲ್ಲ. ಕಬ್ಬಿಣದ ನೀಲಿ ಸುರುಳಿ ಕಿಟಕಿಯಿಂದ ಹೊರಗೆ ಹೋಗಿ, ಬಳ್ಳಿಯ ಹಾಗೆ ಮೇಲಕ್ಕೆ ಹತ್ತಿ, ಮೋಡದಲ್ಲಿ ಕಾಣದಾಗುತ್ತಿದೆ. ಹೊಸಬ ನೀರಿನ ಮೇಲೆ ಕೈಕಟ್ಟಿ ನಿಂತು ತನ್ನ ಸರದಿಗೆ ಕಾಯುತ್ತಿದ್ದಾನೆ. ಅವನ ಸರದಿ ಬರುವುದೇ ಇಲ್ಲ.

ಎದ್ದಾಗ ಹೆಂಡತಿ ಚಹಾದ ಲೋಟ ಹಿಡಿದು ನಿಂತಿರುತ್ತಿದ್ದಳು. ಅವನ ಬಲಗೈಯ ಬೆರಳುಗಳು ಮಲಗಿದಲ್ಲೇ ಆಗಾಗ ಚೂರು ತಿರುವುತ್ತಿದ್ದವು.

“ನಿದ್ದ್ಯಾಗ ಯಾರ ಕಿವಿ ಹಿಂಡ್ತೀರಿ ದಿನಾ?” ಎಂದು ಕೇಳಿದಳು.

ತಿಂಗಳೊಳಗೆ ದೂರು ಶುರುವಾಯಿತು. ಗಿರಣಿಯ ಹೆಂಗಸು ಒಂದು ಶಾಫ್ಟ್ ತಂದು ಅವನ ಜಗುಲಿಯ ಮೇಲಿಟ್ಟಳು. ಒಂದು ತುದಿಗೆ ಬೇರಿಂಗ್ ಹೂವಿನ ಹಾಗೆ ಕೂರುತ್ತದೆ, ಇನ್ನೊಂದು ತುದಿಗೆ ಸುತ್ತಿಗೆಯಿಂದ ಹೊಡೆದರೂ ಏರುವುದಿಲ್ಲ, ಒಂದು ಕಡೆ ದಪ್ಪವಾಗಿದೆ ಎಂದಳು. ಹೊಸಬ ನೋಡಲು ಬಹಳ ಒಳ್ಳೆಯವನು, ಒಳ್ಳೆಯತನದಿಂದ ಗಿರಣಿ ತಿರುಗುವುದಿಲ್ಲವಲ್ಲ ಎಂದೂ ಸೇರಿಸಿದಳು. ಪಂಪಿನವರು ಬಂದರು. ಗಾಣದವರೂ ಬಂದರು. ಎಲ್ಲ ಶಾಫ್ಟುಗಳಿಗೂ ಅದೇ ರೋಗ.

ಹಳಬ ನಿಟ್ಟುಸಿರು ಬಿಟ್ಟ. ಯಂತ್ರ ಕೊಡಬಹುದು, ಕೈ ಕೊಡಲಾಗುತ್ತದೆಯೇ ಎಂದ. ಹಾಗೆ ಹೇಳುವಾಗ ಅವನ ಮುಖದಲ್ಲಿ ದುಃಖವಿತ್ತು. ಆ ದಿನಗಳಲ್ಲಿ ಅವನಿಗೆ ಊಟ ಚೆನ್ನಾಗಿ ಸೇರುತ್ತಿತ್ತು.

ನಾಲ್ಕನೆಯ ತಿಂಗಳು ದೂರು ನಿಂತಿತು. ಗಿರಣಿಯ ಹೆಂಗಸು ದಾರಿಯಲ್ಲಿ ಸಿಕ್ಕಿದಾಗ, ಆರಾಮ ಇದ್ದೀರಾ ಎಂದು ಮಾತ್ರ ಕೇಳಿ ಮುಂದೆ ಹೋದಳು. ಐದನೆಯ ತಿಂಗಳು ಗಿರಾಕಿಗಳು ಹೊಸಬನ ಶಾಫ್ಟನ್ನೂ ಅಳೆಯುವುದು ಬಿಟ್ಟರು. ಈಗ ಹಳಬನಿಗೆ ಅನ್ನ ಸೇರದಾಯಿತು. ಮಧ್ಯಾಹ್ನ ಕೆರೆಯ ಮೇಲಿಂದ ಬರುವ ಸದ್ದಿಗೆ ಕಿವಿಗೊಟ್ಟರೆ ಅದು ಅವನ ಲೇತಿನ ಸದ್ದಲ್ಲ. ಶಾಫ್ಟಿನ ಕೊನೆಗೆ ಬಂದಾಗ ಸಣ್ಣದಾಗಿ ಗೊಣಗುತ್ತಿದ್ದ ಯಂತ್ರ, ಈಗ ಒಂದೇ ಶ್ರುತಿಯಲ್ಲಿ ಹಾಡಿ ಮುಗಿಸುತ್ತಿತ್ತು. ನನ್ನ ಯಂತ್ರವನ್ನು ಅವನು ಏನೋ ಮಾಡಿದ್ದಾನೆ ಎಂದುಕೊಂಡು, ಕರಾರು ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಹೊರಟ.

ಹೊಸಬ ನಿಜವಾಗಿಯೂ ಮಾಡಿದ್ದ. ಮೊದಲ ಎರಡು ತಿಂಗಳು ತಪ್ಪು ತನ್ನ ಕೈಯದೇ ಎಂದು ನಂಬಿ, ಹಳಬ ಮಾಡಿದಂತೆಯೇ ಮಾಡಿ, ಹಳಬ ನಿಂತಂತೆಯೇ ನಿಂತು ನೋಡಿದ. ಆಗಲಿಲ್ಲ. ಒಂದು ಮಧ್ಯಾಹ್ನ ದಣಿದು ಯಂತ್ರದ ಪಕ್ಕ ನೆಲದ ಮೇಲೆ ಕೂತ. ಕೂತಲ್ಲಿಂದ ಒಂದು ನೇರವಾದ ಉಕ್ಕಿನ ಪಟ್ಟಿ ತೆಗೆದು, ಟೂಲ್ ಜಾರಿಕೊಂಡು ಓಡಾಡುವ ಹಳಿಯ ಮೇಲೆ ಇಟ್ಟು ನೋಡಿದ. ಒಂದು ಕಡೆ ಪಟ್ಟಿಯ ಕೆಳಗಿನಿಂದ ಬೆಳಕು ಹರಿಯುತ್ತಿತ್ತು. ಮೂವತ್ತು ವರ್ಷ ಓಡಾಡಿ ಓಡಾಡಿ ಹಳಿ ಆ ತುದಿಯಲ್ಲಿ ಸವೆದು ತಗ್ಗಾಗಿತ್ತು. ಅಲ್ಲಿಗೆ ಬಂದಾಗ ಟೂಲ್ ಕೂದಲೆಳೆಯಷ್ಟು ಕುಸಿದು ಹಿಂದೆ ಸರಿಯುತ್ತಿತ್ತು. ಶಾಫ್ಟ್ ಅಲ್ಲಿ ದಪ್ಪ ಉಳಿಯುತ್ತಿತ್ತು.

ಅವನು ಯಾರನ್ನೂ ಕೇಳಲಿಲ್ಲ. ಒಂದೂವರೆ ತಿಂಗಳು, ಕೆಲಸ ಮುಗಿದ ಮೇಲೆ ದಿನಾ ಸಂಜೆ, ಹಳಿಯನ್ನು ಕೈಯಿಂದಲೇ ಕೆರೆದು, ಉಬ್ಬು ಎಲ್ಲಿ ಉಳಿದಿದೆಯೆಂದು ತಿಳಿಯಲು ನೀಲಿ ಬಣ್ಣ ಬಳಿದು ನೋಡಿ, ಮತ್ತೆ ಕೆರೆದು, ಪಟ್ಟಿಯ ಕೆಳಗಿನ ಬೆಳಕು ಆರುವವರೆಗೆ ಸಮ ಮಾಡಿದ. ಕೇಳದೇ ಇದ್ದದ್ದು ಅವನ ತಪ್ಪು. ಅದನ್ನು ಅವನು ಮುಚ್ಚಿಡಲಿಲ್ಲ. ಹಳಬ ಬಾಗಿಲಲ್ಲಿ ನಿಂತಾಗ ಎಲ್ಲವನ್ನೂ ಹೇಳಿದ.

ಹಳಬ ಕರಾರು ಪತ್ರ ಬಿಚ್ಚಿ, ಇದ್ದ ಸ್ಥಿತಿಯಲ್ಲೇ ಎಂಬ ಸಾಲಿನ ಮೇಲೆ ಬೆರಳಿಟ್ಟ. ನನ್ನ ಯಂತ್ರದಲ್ಲಿ ತಪ್ಪಿರಲಿಲ್ಲ, ಇದ್ದಿದ್ದರೆ ಮೂವತ್ತು ವರ್ಷ ನನ್ನ ಶಾಫ್ಟ್ ಹೇಗೆ ಸರಿ ಬಂದವು ಎಂದು ಕೇಳಿದ. ಅದು ಹೊಸಬನಿಗೂ ತಿಳಿಯದ ಮಾತಾಗಿತ್ತು. ಒಳಗೆ ಹೊಲಿಗೆ ಯಂತ್ರ ನಿಂತಿತು. ಹೊಸಬನ ಹೆಂಡತಿ ಕಿವಿಗೊಟ್ಟು ಕೂತಳು.

“ಒಂದು ಸರಳು ಕೊಡು,” ಎಂದ ಹಳಬ. “ಕೆಟ್ಟದ್ದು ನನ್ನ ಮಷೀನೋ ನಿನ್ನ ಕೈಯೋ, ಈಗ ತೋರಸ್ತೀನಿ. ಸಂಜಿಗೆ ಸಾಮಾನು ಕಟ್ಟಿಕೊ.”

ಮೊಣಕಾಲಿನ ನೋವು ಮರೆತು ನಿಂತ. ಸರಳು ತಿರುಗಿತು, ನೀಲಿ ಸುರುಳಿ ಇಳಿಯಿತು. ಅಂಗಡಿ ಕೆರೆಯ ಮೇಲೆ ನಿಂತ ಹಾಗೆ ಅವನಿಗನಿಸಿತು. ಶಾಫ್ಟ್ ತೆಗೆದು ಅಳೆದ. ಕೊನೆಯ ತುದಿಯಲ್ಲಿ ಸಣ್ಣಗಾಗಿತ್ತು.

ಇನ್ನೊಂದು ಸರಳು ಹಾಕಿದ. ಅದೂ ಅಲ್ಲಿಯೇ ಸಣ್ಣಗಾಯಿತು. ಮೂರನೆಯದನ್ನು ಹಾಕಿದ. ಅದೂ ಹಾಗೆಯೇ.

ಹೊಸಬ ಶಾಫ್ಟುಗಳನ್ನು ನೋಡುತ್ತಿರಲಿಲ್ಲ. ಹಳಬನ ಬಲಗೈಯನ್ನು ನೋಡುತ್ತಿದ್ದ. ಟೂಲ್ ಆ ತುದಿಗೆ ಬಂದಾಗಲೆಲ್ಲ, ಟೂಲನ್ನು ಹಿಂದೆ ಮುಂದೆ ಸರಿಸುವ ಹ್ಯಾಂಡಲ್ ಹಿಡಿದ ಬೆರಳುಗಳು ತಮ್ಮಷ್ಟಕ್ಕೆ ತಾವೇ ಚೂರು ತಿರುವುತ್ತಿದ್ದವು. ಹಿಂದೆ ಸರಿಯುವ ಟೂಲನ್ನು ಆ ಬೆರಳುಗಳು ಎಷ್ಟೋ ವರ್ಷದಿಂದ ಮುಂದಕ್ಕೆ ನೂಕುತ್ತ ಬಂದಿದ್ದವು. ಈಗ ಟೂಲ್ ಹಿಂದೆ ಸರಿಯುತ್ತಿರಲಿಲ್ಲ. ಬೆರಳುಗಳಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಹೊಸಬ ಬಾಯಿಬಿಟ್ಟು ನಗಬಹುದಿತ್ತು. ನಾಲ್ಕನೆಯ ಸರಳನ್ನು ತಾನೇ ತಂದು ಯಂತ್ರಕ್ಕೆ ಕಚ್ಚಿಸಿದ.

“ಕಾಕಾ, ಈ ಸಲ ಹ್ಯಾಂಡಲ್ ಮುಟ್ಟಬ್ಯಾಡ್ರಿ,” ಎಂದ. “ಅದರ ಪಾಡಿಗೆ ಅದು ಹೋಗ್ತದ.”

ಹಳಬ ಕೈ ತೆಗೆದ. ಟೂಲ್ ಆ ತುದಿಯ ಹತ್ತಿರ ಬಂದಂತೆ ಕೈ ಮತ್ತೆ ಎದ್ದಿತು. ಅದನ್ನು ಎಡಗೈಯಿಂದ ಹಿಡಿದು ಬೆನ್ನ ಹಿಂದೆ ಇಟ್ಟುಕೊಂಡ. ಬೆನ್ನ ಹಿಂದೆ ಬೆರಳುಗಳು ಗಾಳಿಯಲ್ಲೇ ಒಂದು ಸಲ ತಿರುವಿದವು. ಯಂತ್ರ ಒಂದೇ ಶ್ರುತಿಯಲ್ಲಿ ಕೊನೆಯವರೆಗೆ ಹೋಗಿ ನಿಂತಿತು. ಅಳೆದರೆ ಈ ತುದಿಯಿಂದ ಆ ತುದಿಯವರೆಗೆ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಆಮೇಲೆ ಹಳಬ ಹೊಸಬನ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡ. ಕರಾರು ಪತ್ರದಲ್ಲಿ ಇದ್ದ ಸ್ಥಿತಿಯಲ್ಲೇ ಎಂಬ ಮಾತನ್ನು ಹೊಡೆದು ಹಾಕಿದ. ಹನ್ನೊಂದು ತಿಂಗಳು ಎಂದು ಬರೆದಲ್ಲಿ, ನಿನಗೆ ಸಾಕೆನಿಸುವವರೆಗೆ ಎಂದು ಬರೆದ. ಅಕ್ಷರ ಡೊಂಕಾಗಿತ್ತು. ಒಳಗೆ ಹೊಲಿಗೆ ಯಂತ್ರ ಮತ್ತೆ ಶುರುವಾಯಿತು. ಹಳಬ ಕೆರೆಯ ದಂಡೆ ಹಿಡಿದು ಮೆಲ್ಲಗೆ ಮನೆಗೆ ನಡೆದ.

ದಾನವ್ವನವರು ಇಷ್ಟು ಹೇಳಿ ನಿಲ್ಲಿಸಿದರು. ಆಚೆ ದಡದಿಂದ ದೋಣಿ ಹೊರಟಿತ್ತು. ನದಿಯ ನಡುವೆ ಅದು ನಿಂತಿದೆಯೋ ಬರುತ್ತಿದೆಯೋ ತಿಳಿಯುತ್ತಿರಲಿಲ್ಲ. ಗುರುಪಾದಪ್ಪ ಅದನ್ನೇ ನೋಡುತ್ತ ಕೂತಿದ್ದ. ಕೊನೆಗೆ ದನಿ ತಗ್ಗಿಸಿ ಕೇಳಿದ:

“ಹಾಗಾದರೆ ಅವ್ವಾ, ಮೂವತ್ತು ವರ್ಷದ ಅವನ ಕೈಗುಣ ಸುಳ್ಳೇ?”

“ಸುಳ್ಳೆಂದು ಯಾರೆಂದರು?” ಎಂದರು ದಾನವ್ವನವರು. “ಹಳಿಯ ಆ ತಗ್ಗಿಗೆ ಅವನಷ್ಟು ನಿಷ್ಠನಾದವನು ಇನ್ನೊಬ್ಬನಿರಲಿಲ್ಲ.”

ದೋಣಿ ದಡಕ್ಕೆ ಬಂದಾಗ ಗುರುಪಾದಪ್ಪ ಇಳಿದವರನ್ನು ಪಾಠಶಾಲೆಯ ಸುದ್ದಿ ಕೇಳದೆ ಹತ್ತಿ ಕೂತ.