ಬೆಟ್ಟಕ್ಕೆ ಹೊರಟ ಮನೆಗಾಡಿ

"ಗುರುಗಳೇ, ಸರಿಯಾದ ದಾರಿ ತಿಳಿದವನ ಮಾತನ್ನು ಯಾರೂ ಕೇಳದೆ ಹೋದರೆ ಅವನಿಗೆ ಸಿಟ್ಟು ಬರುವುದು ತಪ್ಪೇ?"

ಶಿಷ್ಯ ಬೊಪ್ಪಯ್ಯ ಹೀಗೆ ಕೇಳಿದಾಗ ಅವನ ಮುಖ ಕೆಂಡದ ಹಾಗಿತ್ತು. ಗುರುಗಳಿಗೆ ಉಬ್ಬಸ. ಬಯಲಿನ ಧೂಳು ಇವರಿಗೆ ಆಗದು, ಬೇಗ ಬೆಟ್ಟದ ಮೇಲಿನ ಆಶ್ರಮಕ್ಕೆ ಸೇರಿಸಿ ಎಂದು ವೈದ್ಯರು ಹೇಳಿ ಇಪ್ಪತ್ತು ದಿನವಾಗಿತ್ತು. ದಾರಿ ಗೊತ್ತುಮಾಡುವ ಹೊಣೆ ಬೊಪ್ಪಯ್ಯನದು. ಗುರುಗಳ ಮಂಚ, ಪೂಜೆಯ ಪೆಟ್ಟಿಗೆ, ಓಲೆಗರಿಯ ಕಟ್ಟು, ಒಂದನ್ನೂ ಬಿಡದೆ ಎರಡು ಗಾಡಿಗಳನ್ನು ಒಂದರ ಹಿಂದೊಂದು ಕಟ್ಟಿ ಎಳೆಸಬೇಕೆಂದು ಅವನ ಹಟ. ಅಂಥ ಗಾಡಿ ಹತ್ತುವ ದಾರಿಯನ್ನು ಇನ್ನೂ ಹುಡುಕುತ್ತಲೇ ಇದ್ದ. ಬೇಡ ಎಂದವರೊಂದಿಗೆಲ್ಲ ಜಗಳವಾಡಿದ್ದ. ಗುರುಗಳು ಏನಾದರೂ ಹೇಳಹೊರಟರೆ, "ನೀವು ಸುಮ್ಮನಿರಿ, ನಾನಿದ್ದೇನೆ" ಎನ್ನುತ್ತಿದ್ದ.

ಗುರುಗಳು ಉಸಿರು ಹದಕ್ಕೆ ಬರುವವರೆಗೆ ಕಾದು, ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಹೆಂಡತಿಗೆ ಎದೆಯ ಬೇನೆ. ಬೆಟ್ಟದ ಮೇಲೊಬ್ಬ ವೈದ್ಯನಿದ್ದಾನೆ, ಅಲ್ಲಿಗೆ ಮುಟ್ಟಿಸಿದರೆ ಬದುಕುತ್ತಾಳೆ ಎಂದು ಊರವರು ಹೇಳಿದರು. ವರ್ತಕನಿಗೆ ಹೆಂಡತಿಯೆಂದರೆ ಪ್ರಾಣ. ದಾರಿಯಲ್ಲಿ ಅವಳು ನಲುಗಬಾರದೆಂದು ಒಂದು ಮನೆಗಾಡಿ ಮಾಡಿಸಿದ. ಚಕ್ರದ ಮೇಲೆ ಒಂದು ಕೋಣೆ. ಒಳಗೆ ಮಂಚ, ಒಲೆ, ನೀರಿನ ಹಂಡೆ, ಬೀಸುವ ಕಲ್ಲು. ಕಾಯಿಲೆಯವಳಿಗೆ ಬೀಸುವ ಕಲ್ಲು ಯಾಕಯ್ಯ ಎಂದು ಕೇಳಿದ ಬಡಗಿಗೆ ಬೈಗುಳ ಸಿಕ್ಕಿತು. ಆ ಕೋಣೆಯನ್ನು ಎತ್ತಿನ ಗಾಡಿಯ ಹಿಂದಕ್ಕೆ ಕಟ್ಟಿ ಎಳೆಸುವುದೆಂದು ಗೊತ್ತಾಯಿತು.

ಆಮೇಲೆ ದಾರಿಯ ಯೋಚನೆ. ವರ್ತಕ ಆಳುಗಳನ್ನು ಅಟ್ಟಿ, ಘಟ್ಟದ ತುದಿಯವರೆಗೂ ಕೋಲು ಇಟ್ಟು ದಾರಿಯ ಅಗಲ ಅಳೆಸಿದ. ಬಾವಿ ಎಲ್ಲಿ, ಹುಲ್ಲು ಎಲ್ಲಿ, ತಂಗುವ ಛತ್ರ ಎಲ್ಲಿ ಎಂಬುದನ್ನೆಲ್ಲ ಒಂದು ಬಟ್ಟೆಯ ಮೇಲೆ ಬರೆಸಿದ. ಇದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಎಲ್ಲ ಕಡೆಯೂ ದಾರಿ ಗಾಡಿಗಿಂತ ಒಂದು ಮೊಳ ಅಗಲವೇ ಇತ್ತು. ಹೊರಟ ಮೇಲೆ ಆರು ದಿನ ಎಲ್ಲವೂ ಬಟ್ಟೆಯಲ್ಲಿ ಬರೆದಂತೆಯೇ ನಡೆಯಿತು. ವರ್ತಕ ಮೀಸೆ ತಿರುವಿದ.

ಘಟ್ಟದ ಬುಡದಲ್ಲಿ ಒಂದು ನೆಟ್ಟ ಕಲ್ಲು, ಅದರ ಸುತ್ತಲೂ ಒಂದು ಮೋಟುಗೋಡೆ. ಹತ್ತುವ ಗಾಡಿ ಮೊದಲು ಕಲ್ಲಿಗೂ ಗೋಡೆಗೂ ನಡುವೆ ಒಂದು ಸುತ್ತು ಬರಬೇಕು. ಎಲ್ಲಿಯೂ ತಾಗದೆ ಬಂದರೆ ಘಟ್ಟದ ತಿರುವುಗಳಲ್ಲಿ ತಿರುಗೀತು; ತಾಗಿದರೆ ಹಿಂದೆ ಕಟ್ಟಿದ್ದನ್ನು ಬಿಚ್ಚಿಟ್ಟು ಹೋಗಬೇಕು. ಗಾಡಿಯವರಲ್ಲಿ ಅದು ಅಜ್ಜನ ಕಾಲದ ರೂಢಿ.

"ಒಂದು ಸುತ್ತು ಬನ್ನಿ ಧಣಿ," ಎಂದಳು ಅಲ್ಲಿ ಡೋಲಿ ಹೊರಿಸುತ್ತಿದ್ದ ಮುದುಕಿ. "ತಾಗಿತೋ, ಅಮ್ಮನವರನ್ನು ನನ್ನ ಮಕ್ಕಳು ಹೊರುತ್ತಾರೆ. ಸಂಜೆಯೊಳಗೆ ಮೇಲಿರುತ್ತಾರೆ."

ವರ್ತಕನಿಗೆ ಮೈ ಉರಿದುಹೋಯಿತು. "ನಾಲ್ಕು ತಿಂಗಳು ದಾರಿ ಅಳೆಸಿದವನು ನಾನು! ನಿನ್ನ ಕಲ್ಲಿಗೆ ಪ್ರದಕ್ಷಿಣೆ ಹಾಕಿ ಅಪ್ಪಣೆ ಪಡೆಯಬೇಕೇ?" ಎಂದು ಬಟ್ಟೆಯನ್ನು ಅವಳ ಮುಖದ ಮುಂದೆ ಝಾಡಿಸಿ ಗಾಡಿ ಹೊಡೆಸಿದ.

ಮೂರನೆಯ ತಿರುವಿನಲ್ಲಿ ಮುಂದಿನ ಗಾಡಿ ತಿರುಗಿತು. ಹಿಂದಿನದು ಒಳಬದಿಯ ಬಂಡೆಗೆ ಒತ್ತಿಕೊಂಡು ಸಿಕ್ಕಿಬಿತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಆಳುಗಳು ಅಗಲವನ್ನು ಸರಿಯಾಗಿಯೇ ಅಳೆದಿದ್ದರು. ಹಿಂದೆ ಕಟ್ಟಿದ ಗಾಡಿ ಮುಂದಿನದರ ಜಾಡು ಬಿಟ್ಟು ಒಳಮೂಲೆಗೆ ಒತ್ತಿಕೊಂಡು ತಿರುಗುತ್ತದೆ ಎಂಬುದು ಕೋಲಿಗೇನು ಗೊತ್ತು?

ವರ್ತಕ ಎತ್ತುಗಳಿಗೆ ಬಾರಿಸಿದ. ಆಳುಗಳನ್ನು ಬೈದ. ದಾರಿ ಕಡಿದವನ ವಂಶಕ್ಕೆ ಶಾಪ ಹಾಕಿದ. ಕುಣಿಯಲಾರದವಳಿಗೆ ನೆಲ ಡೊಂಕು. ತಾನು ಇಷ್ಟು ಪ್ರೀತಿಯಿಂದ ಮಾಡಿಸಿದ್ದನ್ನು ಕಂಡಕಂಡವರೆಲ್ಲ ಬಿಚ್ಚು ಎನ್ನುತ್ತಾರಲ್ಲ, ಈಗ ಈ ಬಂಡೆಯೂ ಅದನ್ನೇ ಹೇಳುತ್ತದಲ್ಲ ಎಂದು ಅವನಿಗೆ ಕಣ್ಣು ಕತ್ತಲಿಡುವಷ್ಟು ಕೋಪ ಬಂತು.

ಹೆಂಡತಿ ಕಿಟಕಿಯಿಂದ, "ರೀ, ನನ್ನನ್ನು ಇಳಿಸಿ. ಮನೆ ಇಲ್ಲೇ ಇರಲಿ. ಆ ಅಜ್ಜಿಯ ಮಕ್ಕಳನ್ನು ಕರೆಸಿ" ಎಂದಳು.

"ಇದನ್ನು ಯಾರಿಗೋಸ್ಕರ ಮಾಡಿಸಿದೆ? ನೀನೂ ಅವರ ಕಡೆಯೇ?" ಎಂದು ಕೂಗಿ ವರ್ತಕ ಕಿಟಕಿ ಮುಚ್ಚಿದ.

ಹಿಡಿದ ಮೊಲಕ್ಕೆ ಮೂರೇ ಕಾಲು. ಸುತ್ತಿಗೆ, ಉಳಿ ತರಿಸಿ ಬಂಡೆ ಒಡೆಸತೊಡಗಿದ. ಆಳುಗಳ ಕೈ ಸೋತಾಗ ತಾನೇ ಉಳಿ ಹಿಡಿದ. ಮೊದಲ ದಿನ ಹೆಂಡತಿ ಒಳಗಿನಿಂದ ಕರೆದಳು. ಎರಡನೆಯ ದಿನವೂ ಕರೆದಳು. ಅಂದು ಯಾರೂ ಹೇಳಿಕಳಿಸದಿದ್ದರೂ ಮುದುಕಿ ಮಕ್ಕಳೊಂದಿಗೆ ಡೋಲಿ ತಂದಳು. ವರ್ತಕ ಸುತ್ತಿಗೆ ಎತ್ತಿಕೊಂಡು ಅವರನ್ನು ಓಡಿಸಿದ. ಮೂರನೆಯ ದಿನ ಒಳಗಿನಿಂದ ಕೆಮ್ಮು ಮಾತ್ರ ಕೇಳಿಸಿತು. ನಾಲ್ಕನೆಯ ದಿನ ಮಧ್ಯಾಹ್ನ ಬಂಡೆಯ ಮೂಲೆ ಕಳಚಿ ಬಿತ್ತು. ಮನೆಗಾಡಿ ನಿಧಾನವಾಗಿ ತಿರುವು ದಾಟಿತು. ವರ್ತಕ ಓಡಿಹೋಗಿ ಬಾಗಿಲು ತೆಗೆದ.

"ನೋಡೇ, ದಾಟಿತು! ನಾನು ಹೇಳಲಿಲ್ಲವೇ?"

ಅವಳ ಉಸಿರು ಬೆಳಿಗ್ಗೆಯೇ ನಿಂತಿತ್ತು.

ಬೊಪ್ಪಯ್ಯನಿಗೆ ತಡೆಯಲಾಗಲಿಲ್ಲ. ಎದ್ದು ನಿಂತುಬಿಟ್ಟ. "ಥೂ, ಎಂಥ ಪಾಪಿ ಅವನು! ಮಂಚ, ಒಲೆ ಯಾರಿಗೆ ಬೇಕಿತ್ತು? ಎಲ್ಲವನ್ನೂ ಅಲ್ಲೇ ಬಿಟ್ಟು ಅವಳೊಬ್ಬಳನ್ನು ಹೊತ್ತುಕೊಂಡು ಹೋಗಬಾರದಿತ್ತೇ?"

ಗುರುಗಳಿಗೆ ಕೆಮ್ಮು ಬಂತು. ಅದು ಬೇಗ ನಿಲ್ಲಲಿಲ್ಲ. ನಿಂತ ಮೇಲೆ ಹೇಳಿದರು:

"ಇಪ್ಪತ್ತು ದಿನದಿಂದ ನಾನೂ ಅದನ್ನೇ ಕೇಳಬೇಕೆಂದಿದ್ದೆ, ಬೊಪ್ಪಯ್ಯ."