ಗುಡ್ಡದ ಮಣ್ಣು

"ಸ್ವಾಮಿ, ಸಂತರ ಸಮಾಧಿ ಅಗೆದವರು ಒಳಗೆ ಏನೂ ಸಿಗಲಿಲ್ಲ ಅಂತ ಬರೆದಿದ್ದಾರೆ. ಹಾಗಾದರೆ ನಮ್ಮ ಹಿರಿಯರು ಇಷ್ಟು ಕಾಲ ಮಂಡಿಯೂರಿದ್ದು ಯಾವುದಕ್ಕೆ?" ಎಂದು ರಾಯಪ್ಪ ಕೇಳಿದ. ಪಾದ್ರಿಯಾಗಲೆಂದು ಗುರುಮಠದಲ್ಲಿ ಓದುತ್ತಿದ್ದ ಅವನು ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಚೌರಪ್ಪ ಗುರುಗಳು ಅವನ ಮುಖ ನೋಡಿದರು. "ಒಂದು ಪುಸ್ತಕ ಓದಿ ಹರಳೆಣ್ಣೆ ಕುಡಿದವನ ಹಾಗೆ ಆಗಿದ್ದೀಯಲ್ಲ. ಕೂತುಕೋ, ಹೇಳುತ್ತೇನೆ" ಎಂದು ಶುರು ಮಾಡಿದರು.

ಕಡಲ ದಂಡೆಯ ಒಂದು ಊರಿನಲ್ಲಿ ಒಬ್ಬ ಸಂತನ ಸಮಾಧಿ ಇತ್ತು. ಅದನ್ನು ಒಬ್ಬ ವಿಧವೆ ನೋಡಿಕೊಳ್ಳುತ್ತಿದ್ದಳು. ಯಾರ ಮನೆಯಲ್ಲಾದರೂ ಸಾವಾದರೆ ಆ ಮನೆಯವರು ಬಂದು ಸಮಾಧಿಯ ಕುಳಿಯಿಂದ ಒಂದು ಹಿಡಿ ಮಣ್ಣು ಒಯ್ದು, ಸತ್ತವರ ಎದೆಯ ಮೇಲಿಟ್ಟು ಹೂಳುವುದು ಅಲ್ಲಿಯ ಪದ್ಧತಿ. ಒಯ್ದಷ್ಟು ಮಣ್ಣನ್ನು ಅವಳು ಸಂಜೆ ಗುಡ್ಡದಿಂದ ಹೊತ್ತು ತಂದು ತುಂಬುತ್ತಿದ್ದಳು. ಅವಳ ಅತ್ತೆಯೂ ಹಾಗೇ ಮಾಡಿದ್ದಳು, ಅತ್ತೆಯ ಅತ್ತೆಯೂ ಮಾಡಿದ್ದಳು. ಇದೇನು ಗುಟ್ಟಲ್ಲ, ಊರಿಗೆಲ್ಲ ಗೊತ್ತಿತ್ತು.

ಒಂದು ದಿನ ಅರಸನ ಅಪ್ಪಣೆ ಹಿಡಿದು ಒಬ್ಬ ವಿದ್ವಾಂಸ ಬಂದ. ಸಮಾಧಿಯನ್ನು ಆಳುದ್ದ ಅಗೆಸಿದ. ಪದರ ಪದರವಾಗಿ ಮಣ್ಣು ಸೋಸಿದ. ಮೇಲಿನದು ನಿನ್ನೆಯದು, ಮೊಳದ ಕೆಳಗಿನದು ಹೋದ ವರ್ಷದ್ದು, ತಳದ್ದೂ ನೂರು ವರ್ಷ ದಾಟಿದ್ದಲ್ಲ. ಮೂಳೆಯ ಚೂರೂ ಸಿಗಲಿಲ್ಲ. ಅವನು ಕುಳಿಯ ಸುತ್ತ ಕಾವಲು ಹಾಕಿಸಿ, ಇನ್ನು ಇಲ್ಲಿಂದ ಯಾರೂ ಮಣ್ಣು ಮುಟ್ಟಕೂಡದು ಎಂದ.

ಅದೇ ಹೊತ್ತಿಗೆ ಒಬ್ಬ ಮೀನುಗಾರ ಬಂದ. ಬೆಳಿಗ್ಗೆ ಅವನ ಹೆಂಡತಿ ಹೆರಿಗೆಯಲ್ಲಿ ತೀರಿಹೋಗಿದ್ದಳು. ಒಂದು ಹಿಡಿ ಮಣ್ಣಿಲ್ಲದೆ ಅವಳನ್ನು ಹೇಗೆ ಕಳಿಸಲಿ ಎಂದು ಅಲ್ಲೇ ಕುಸಿದು ಅತ್ತ. ಕಾವಲಿನವರು ಕೋಲು ಅಡ್ಡ ಹಿಡಿದರು.

ವಿಧವೆಗೆ ಮೈಯೆಲ್ಲ ಉರಿದುಹೋಯಿತು. ಕೋಲನ್ನು ಪಕ್ಕಕ್ಕೆ ತಳ್ಳಿ ಕುಳಿಗೆ ಇಳಿದಳು. ಎರಡೂ ಕೈತುಂಬ ಮಣ್ಣು ಬಾಚಿ ಮೀನುಗಾರನ ವಸ್ತ್ರಕ್ಕೆ ಹಾಕಿದಳು.

"ಇದು ಗುಡ್ಡದ ಮಣ್ಣು. ಸಂತನದ್ದು ಎಂದು ಕೊಟ್ಟು ಜನರಿಗೆ ಯಾಕೆ ಮೋಸ ಮಾಡುತ್ತೀ?" ಎಂದು ವಿದ್ವಾಂಸ ಗದರಿದ.

"ಗುಡ್ಡದ್ದೇ, ಹೊತ್ತವಳು ನಾನು. ನಿಮಗೆ ಅನುಮಾನವಿದ್ದರೆ ನನ್ನ ಸೊಂಟವನ್ನು ಕೇಳಿ" ಎಂದಳು ಅವಳು. "ಹಳೆಯ ಮಣ್ಣು ಬೇಕಾದವರು ಇಲ್ಲಿ ಯಾಕೆ ಅಗೆಯುತ್ತೀರಿ? ಅದೆಲ್ಲ ಈ ದಂಡೆಯುದ್ದಕ್ಕೂ ಸತ್ತವರ ಎದೆಯ ಮೇಲಿದೆ. ಸನಿಕೆ ತನ್ನಿ. ಮೊದಲು ನನ್ನ ಮಗನ ಗೋರಿ ತೋರಿಸುತ್ತೇನೆ, ಅಲ್ಲಿಂದಲೇ ಶುರು ಮಾಡಿ."

ವಿದ್ವಾಂಸ ಕಾವಲಿನವರ ಕಡೆ ನೋಡಿದ. ಅವರಲ್ಲೊಬ್ಬ ಅದೇ ಊರಿನವನು, ತಲೆ ತಗ್ಗಿಸಿದ. ಮೀನುಗಾರ ವಸ್ತ್ರದ ಗಂಟು ಎದೆಗೊತ್ತಿಕೊಂಡು ಹೊರಟುಹೋದ, ಯಾರೂ ತಡೆಯಲಿಲ್ಲ.

ವಿದ್ವಾಂಸನೂ ಸೋಲುವವನಲ್ಲ. ಮರುದಿನ ಕುಳಿಯ ಮೇಲೆ ದೊಡ್ಡದೊಂದು ಚಪ್ಪಡಿ ಎಳೆಸಿ, ಒಳಗೆ ಏನೂ ಇಲ್ಲ ಎಂದು ಅದರ ಮೇಲೆ ಕೆತ್ತಿಸಿ ಊರು ಬಿಟ್ಟ. ಆ ಸಂಜೆಯೂ ವಿಧವೆ ಗುಡ್ಡ ಹತ್ತಿದಳು. ಬುಟ್ಟಿಯ ಮಣ್ಣನ್ನು ತಂದು ಚಪ್ಪಡಿಯ ಅಕ್ಷರಗಳ ಮೇಲೆಯೇ ಸುರಿದಳು. ಜನ ಅಲ್ಲಿಂದಲೇ ಹಿಡಿ ತುಂಬಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು.

"ಆದರೆ ಸ್ವಾಮಿ, ಕೊನೆಗೂ ಅಲ್ಲಿ ಸಂತನಿದ್ದನೋ ಇಲ್ಲವೋ?" ಎಂದ ರಾಯಪ್ಪ.

"ನಿನ್ನ ತಾಯಿಯನ್ನು ಹೂಳಿದ ದಿನ ಗುಂಡಿಯೊಳಗೆ ಹಿಡಿ ಮಣ್ಣು ಹಾಕುವಾಗ, ಅದು ಎಷ್ಟು ವರ್ಷ ಹಳೆಯದು ಎಂದು ಕೇಳಿದ್ದೆಯೇನೋ?" ಎಂದರು ಗುರುಗಳು.

ರಾಯಪ್ಪ ಎದ್ದು ಊಟದ ಮನೆಯ ಕಡೆ ನಡೆದ.