ಕೈಗೆಟಕುವ ಡಬ್ಬಗಳು

"ಮೇಷ್ಟ್ರೇ, ಸರ್ವರಿನಲ್ಲಿದ್ದ ಮೆಮೊರಿಯನ್ನೆಲ್ಲ ಡೇಟಾಬೇಸಿಗೇ ಕೊಟ್ಟೆ. ಆದರೂ ಅದು ಮೊದಲಿಗಿಂತ ನಿಧಾನವಾಗಿದೆ. ಏಕೆ?" ಎಂದು ಕನಕವಲ್ಲಿ ಕೇಳಿದಳು.

ಅವಳು ಆಸ್ಪತ್ರೆಯೊಂದರ ಡೇಟಾಬೇಸನ್ನು ನೋಡಿಕೊಳ್ಳುವವಳು. ರೋಗಿ ಹೆಸರು ಹೇಳಿದ ಮೇಲೆ ಚೀಟಿ ಬರಲು ಆ ಬೆಳಿಗ್ಗೆ ಐದೈದು ನಿಮಿಷ ಹಿಡಿಯುತ್ತಿತ್ತು. ಸಾಲು ಗೇಟಿನವರೆಗೆ ಬೆಳೆದಿತ್ತು. ಅವಳಿಗೆ ಕೆಲಸ ಕಲಿಸಿದ ಫಾಲಾಕ್ಷ ಮೇಷ್ಟ್ರು ಅವಳನ್ನು ಕೂರಿಸಿ ಕತೆ ಶುರುಮಾಡಿದರು. ಎಂಥ ಅವಸರವಿದ್ದರೂ ಅವರು ಕತೆ ಬಿಡುವವರಲ್ಲ.

ಒಬ್ಬ ವರ್ತಕನಿಗೆ ಗ್ರಂಧಿಗೆ ಅಂಗಡಿ ಇತ್ತು. ಔಷಧಿಯ ಬೇರು, ಚಕ್ಕೆ, ಕಾಯಿಗಳ ವ್ಯಾಪಾರ. ದಿನವೂ ಬೇಕಾಗುವ ಶುಂಠಿ, ಹಿಪ್ಪಲಿ, ಓಮದ ಡಬ್ಬಗಳು ಅವನ ಸುತ್ತ ಕೈಗೆಟಕುವಂತಿದ್ದವು. ಅಪರೂಪದವು ಒಳಕೋಣೆಯಲ್ಲಿದ್ದವು. ಮಣೆಯ ಮೇಲೆ ಕೂತಲ್ಲೇ ತೂಗಿ, ಕಟ್ಟಿ ಕೊಡುತ್ತಿದ್ದ. ಕೈ ಬಹಳ ಚುರುಕು ಎಂದು ಊರು ಹೊಗಳುತ್ತಿತ್ತು. ಹೊಗಳಿಕೆ ಅವನಿಗೆ ಹಿತವಾಗಿತ್ತು.

ಒಂದು ದಿನ ನಾಲ್ಕು ಬಾರಿ ಒಳಗೆ ಹೋಗಿ ಬರಬೇಕಾಯಿತು. ಅವನಿಗೆ ಬೇಸರವಾಯಿತು. ಎಲ್ಲವೂ ಹತ್ತಿರವಿದ್ದರೆ ಏಳುವ ಕಷ್ಟವೇ ಇಲ್ಲವೆಂದು ಒಳಗಿನ ಡಬ್ಬಗಳನ್ನೆಲ್ಲ ಹೊರಗೆ ತಂದು ಜೋಡಿಸಿದ. ಓಡಾಡುವ ದಾರಿ ತುಂಬಿತು. ಮಣೆ ಎತ್ತಿ ಅಲ್ಲೂ ಡಬ್ಬ ಇಟ್ಟ. ಜಾಗ ಸಾಲದೆಂದು ತಕ್ಕಡಿಯನ್ನು ಮೊದಲೇ ಒಳಕೋಣೆಗೆ ಸಾಗಿಸಿದ್ದ. ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ.

ಮರುದಿನ ಒಬ್ಬ ಸೂಲಗಿತ್ತಿ ಬಂದಳು. ಬಾಣಂತಿ ಚಳಿಯಿಂದ ನಡುಗುತ್ತಿದ್ದಾಳೆ, ಕಷಾಯಕ್ಕೆ ಹಿಪ್ಪಲಿ ಬೇಕು ಎಂದಳು. ವರ್ತಕ ತಕ್ಕಡಿ ತರಲು ದಾರಿಯ ಡಬ್ಬಗಳನ್ನು ಒಂದೊಂದಾಗಿ ಬೀದಿಗೆ ಇಳಿಸತೊಡಗಿದ.

"ಹಿಪ್ಪಲಿ ನಿನ್ನ ಮೊಣಕಾಲಿಗೆ ತಗಲುತ್ತಿದೆ. ಕೊಡುವುದಕ್ಕೆ ಮಧ್ಯಾಹ್ನವಾಗಬೇಕೇ?" ಎಂದಳು ಸೂಲಗಿತ್ತಿ.

"ಸ್ವಲ್ಪ ತಾಳವ್ವ, ತಕ್ಕಡಿ ಒಳಗಿದೆ."

"ಅಲ್ಲಿ ಆ ಹೆಣ್ಣಿನ ಹಲ್ಲು ಕಟಕಟ ಎನ್ನುತ್ತಿದೆ. ತೂಗದೆ ಕೊಡು."

ಅವನು ಬೊಗಸೆ ತುಂಬ ಕೊಟ್ಟ. ಅವಳು ಓಡಿದಳು. ಬಾಣಂತಿ ಬೆಚ್ಚಗಾದಳು. ಆದರೆ ವರ್ತಕನಿಗೆ ತುಂಬ ನಾಚಿಕೆಯಾಯಿತು. ಸಂಜೆಯೊಳಗೆ ಅರ್ಧ ಡಬ್ಬಗಳನ್ನು ಒಳಗಿಟ್ಟು, ತಕ್ಕಡಿಯನ್ನು ಹೊರಗೆ ತಂದು, ಮಣೆ ಹಾಕಿ ಕೂತ. ಆಗೊಮ್ಮೆ ಈಗೊಮ್ಮೆ ಎದ್ದು ಒಳಗೆ ಹೋಗುವುದು ಆಮೇಲೆ ಅವನಿಗೆ ಭಾರವೆನಿಸಲಿಲ್ಲ.

ಕತೆ ಕೇಳಿ, ತಾನು ತಪ್ಪಿದ್ದು ಎಲ್ಲಿ ಎಂದು ತಿಳಿದು ಕನಕವಲ್ಲಿಗೆ ಸಮಾಧಾನವಾಯಿತು. ಆದರೂ ಒಂದು ಸಂಶಯ ಉಳಿದಿತ್ತು. "ಮೇಷ್ಟ್ರೇ, ಡೇಟಾಬೇಸಿಗೆ ಅರ್ಧವನ್ನೇ ಕೊಟ್ಟು ಉಳಿದ ಮೆಮೊರಿಯನ್ನು ಖಾಲಿ ಬಿಟ್ಟರೆ ದಂಡವಲ್ಲವೇ?"

ಮೇಷ್ಟ್ರು ನಕ್ಕರು. "ಸರ್ವರು ತನ್ನ ಕೆಲಸ ಮಾಡಬೇಕಾದದ್ದು ಅಲ್ಲೇ. ನೀನು ಖಾಲಿ ಎನ್ನುವ ಜಾಗದಲ್ಲೇ ಕಣಮ್ಮ, ವರ್ತಕ ಕೂತಿದ್ದದ್ದು."